ಮೊದಲು ನೆಲ ನೋಡಿ, ಆಮೇಲೆ ಟೆಂಡರು ಕರೆಯಿರಿ

ನದಿಯ ಮೇಲೆ ಸೇತುವೆ ಬೇಡವೆಂದರೆ ನದಿಯ ಕೆಳಗೆ ಸುರಂಗವನ್ನಾದರೂ ಏಕೆ ಕೊರೆಯಬಾರದು ಎಂದು ಕೇಳುವವರು ನಮ್ಮ ಭಾಗದಲ್ಲಿದ್ದಾರೆ. ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕಲ್ಕತ್ತೆಯಲ್ಲಿ ಹೂಗ್ಲಿ ನದಿಯ ತಳದ ಕೆಳಗೆ 2024ರ ಮಾರ್ಚ್ ತಿಂಗಳಿನಿಂದ ರೈಲು ಓಡುತ್ತಿದೆ. ಬೆಂಗಳೂರಿನ ನೆಲದಡಿಯಲ್ಲಿ ಮೆಟ್ರೋ ಸುರಂಗ ಕೊರೆದ ಎರಡು ಯಂತ್ರಗಳಿಗೆ ತುಂಗಾ, ಭದ್ರಾ ಎಂದೇ ಹೆಸರಿಟ್ಟಿದ್ದರು. ನಮ್ಮ ನದಿಯ ಹೆಸರು ಹೊತ್ತ ಯಂತ್ರಗಳು ರಾಜಧಾನಿಯ ಜನರಿಗೆ ದಾರಿ ಮಾಡಿಕೊಟ್ಟವು. ಆದರೆ ಹಂಪಿಯ ತಳವಾರಘಟ್ಟದಲ್ಲಿ ನಿಂತು ಆಚೆ ದಡದ ಆನೆಗೊಂದಿಯನ್ನು ಕಣ್ಣೆದುರಿಗೇ ನೋಡುವ ಮನುಷ್ಯ ಇನ್ನೂ ದೋಣಿಗೋ ಹರಿಗೋಲಿಗೋ ಕಾಯಬೇಕು. ಇಲ್ಲವೆ ಸುತ್ತಿ ಬಳಸಿ ಹೋಗಬೇಕು. ಇಂಥ ಸ್ಥಿತಿಯಲ್ಲಿ ಸುರಂಗದ ಮಾತು ಹುಟ್ಟುವುದು ಸಹಜವೇ ಆಗಿದೆ.

ಸಮಾಜವಾದಿಗಳು ಯಂತ್ರಕ್ಕೂ ವಿಜ್ಞಾನಕ್ಕೂ ವಿರೋಧಿಗಳಲ್ಲ. ಆದುದರಿಂದ ಈ ಮಾತನ್ನು ನಗೆಯಾಡಿ ತಳ್ಳಿಬಿಡದೆ, ನದಿಯ ಕೆಳಗೆ ಸುರಂಗ ಮಾಡುವುದೆಂದರೆ ಏನೇನು ಬೇಕು, ನಮ್ಮ ನೆಲ ಅದಕ್ಕೆ ಹೇಗೆ ಒದಗುತ್ತದೆ, ಅದರ ಖರ್ಚು ಮತ್ತು ಅಪಾಯ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೇತುವೆಯಾಗಲಿ ಸುರಂಗವಾಗಲಿ, ನೀರಿನ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ನೆಲದ ಪರೀಕ್ಷೆ. ಆ ಪರೀಕ್ಷೆಯ ವರದಿಯನ್ನು ತಿಳಿಯುವುದು ಅಲ್ಲಿ ದುಡಿಯುವ ಕೂಲಿಕಾರನ ಹಕ್ಕು. ಇದನ್ನು ಬಿಟ್ಟು ಅಡಿಗಲ್ಲು, ಹಾರ, ಭಾಷಣಗಳಿಂದ ಆರಂಭವಾದ ಕೆಲಸವನ್ನು ನಾವು ನಂಬಬಾರದು.

ಎರಡು ದಡಗಳ ಕಷ್ಟ

ಕಂಪ್ಲಿಯ ಅಂಗಡಿಕಾರರಿಗೆ ಹೊಳೆಯ ಕಷ್ಟವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕಂಪ್ಲಿಗೂ ಗಂಗಾವತಿಗೂ ನಡುವೆ ಇರುವ ಸೇತುವೆ ತಗ್ಗಿನದು. ಅಣೆಕಟ್ಟಿನಿಂದ ನದಿಗೆ ಹೆಚ್ಚು ನೀರು ಬಿಟ್ಟಾಗಲೆಲ್ಲ ಅದು ಮುಳುಗುತ್ತ ಬಂದಿದೆ. 2019ರ ಆಗಸ್ಟ್ ಪ್ರವಾಹದಲ್ಲಿ ಹಂಪಿಯ ಪುರಂದರ ಮಂಟಪ ನೀರಿನೊಳಗೆ ಹೋದಾಗ ಕಂಪ್ಲಿಯ ಸೇತುವೆಯೂ ಮುಳುಗಿತು. ಸಂಚಾರ ನಿಂತರೆ ಅಕ್ಕಿ ಗಿರಣಿಯ ಹಮಾಲನಿಗೆ ಆ ದಿನದ ಕೂಲಿ ಇಲ್ಲ. ಬಾಳೆಕಾಯಿ ತುಂಬಿದ ಗಾಡಿ ಬುಕ್ಕಸಾಗರ, ಕಡೆಬಾಗಿಲು ಸುತ್ತಿ ಹೋಗಬೇಕು. ಆ ಸುತ್ತಿನ ಬಾಡಿಗೆ ರೈತನ ಲೆಕ್ಕದಿಂದಲೋ ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆಯಿಂದಲೋ ಹೋಗುತ್ತದೆ. ದೊಡ್ಡ ಸಾಹುಕಾರನಿಗೆ ನಾಲ್ಕು ದಿನ ಸರಕು ನಿಂತರೆ ನಷ್ಟವಿಲ್ಲ, ಬೆಲೆ ಏರಿದರೆ ಲಾಭವೂ ಉಂಟು.

ಆನೆಗೊಂದಿಯ ಕಥೆ ಇನ್ನೂ ಕಹಿಯಾದದ್ದು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಪರಿಸರದಲ್ಲಿ ಎರಡು ತೂಗು ಸೇತುವೆಗಳ ಕೆಲಸ ನಡೆದುದರಿಂದ 1999ರಲ್ಲಿ ಅದನ್ನು ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಹಾಕಿದರು. 2006ರಲ್ಲಿ ಆ ಪಟ್ಟಿಯಿಂದ ತೆಗೆದರು. ತಳವಾರಘಟ್ಟ–ಆನೆಗೊಂದಿ ಸೇತುವೆಯ ಕೆಲಸ ವರ್ಷಗಟ್ಟಲೆ ನಿಂತು, ಮತ್ತೆ ಆರಂಭವಾಗಿ, ಕೊನೆಗೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ನದಿಯೊಳಗೆ ಕುಸಿಯಿತು. ಕೂಲಿಕಾರರು ಪ್ರಾಣ ಕಳೆದುಕೊಂಡರು. ಪರಂಪರೆಯ ಚರ್ಚೆ ದೇಶದೇಶಗಳಲ್ಲಿ ನಡೆಯಿತು. ಸತ್ತವರ ಮನೆಯ ಒಲೆಯ ಚರ್ಚೆ ಎಷ್ಟು ಸಭೆಗಳಲ್ಲಿ ನಡೆಯಿತು?

ಸೇತುವೆಗೆ ಹೀಗಾಯಿತು, ಆದುದರಿಂದ ಸುರಂಗವೇ ಲೇಸು ಎಂಬುದು ಕೆಲವರ ವಾದ. ಸುರಂಗ ಕಣ್ಣಿಗೆ ಕಾಣುವುದಿಲ್ಲ, ಗುಡಿಗೋಪುರಗಳ ನೋಟಕ್ಕೆ ಅಡ್ಡ ಬರುವುದಿಲ್ಲ, ಹೊಳೆ ಬಂದರೂ ಮೇಲೆ ಹರಿದು ಹೋಗುತ್ತದೆ ಎಂದು ಅವರು ಹೇಳುತ್ತಾರೆ. ಕೇಳಲು ಇಂಪಾಗಿದೆ. ನೆಲದೊಳಕ್ಕೆ ಇಳಿದು ನೋಡಿದರೆ ಮಾತು ಬೇರೆಯಾಗುತ್ತದೆ.

ಗುಡ್ಡದ ಸುರಂಗ, ಹೊಳೆಯ ಸುರಂಗ

ಸುರಂಗ ನಮಗೆ ಹೊಸದಲ್ಲ. ಅಣೆಕಟ್ಟಿನ ಬಳಿ ಹೆದ್ದಾರಿಯೇ ಗುಡ್ಡದೊಳಗಿಂದ ಹಾದುಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಪಾಪಯ್ಯ ಸುರಂಗದಿಂದ ಹೊರಟು ರಾಯಚೂರಿನ ಕಡೆ ಸಾಗುತ್ತದೆ. ಹೈದರಾಬಾದ್ ಸಂಸ್ಥಾನದ ಕಡೆಯಿಂದ ಈ ಯೋಜನೆಯಲ್ಲಿ ದುಡಿದ ಇಂಜಿನಿಯರ್ ಪಾಪಯ್ಯನವರ ಹೆಸರು ಅದಕ್ಕಿದೆ. ಅದು ನ್ಯಾಯವೇ. ಆದರೆ ಆ ಕಲ್ಲನ್ನು ಕೊರೆದ ಕೂಲಿಗಳಲ್ಲಿ ಒಬ್ಬನ ಹೆಸರನ್ನಾದರೂ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಗುಡ್ಡದ ಸುರಂಗಕ್ಕೂ ಹೊಳೆಯ ಕೆಳಗಿನ ಸುರಂಗಕ್ಕೂ ದೊಡ್ಡ ಅಂತರವಿದೆ. ಗುಡ್ಡದೊಳಗೆ ಸಾಮಾನ್ಯವಾಗಿ ಸಿಕ್ಕುವುದು ಬಿರುಕುಗಳಲ್ಲಿ ತಂಗಿದ ನೀರು. ಹರಿದು ಹರಿದು ಅದು ಕಡಿಮೆಯಾಗಬಹುದು. ಹೊಳೆಯ ಕೆಳಗೆ ಸಿಕ್ಕುವ ನೀರಿಗೆ ಕೊನೆಯೇ ಇಲ್ಲ. ಒಂದು ಬಿರುಕು ನದಿಯ ತಳಕ್ಕೆ ಮುಟ್ಟಿದ್ದರೆ ಇಡೀ ತುಂಗಭದ್ರೆಯೇ ಆ ಬಿರುಕಿನ ಹಿಂದೆ ನಿಂತಿರುತ್ತಾಳೆ. ನೀರಿನ ಭಾರವನ್ನು ಶಾಲೆಯ ಲೆಕ್ಕದಂತೆ ಹಾಕೋಣ. ಹತ್ತು ಮೀಟರ್ ಆಳದ ನೀರು ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋ ಭಾರ ಹಾಕುತ್ತದೆ. ನೀರಿನ ಮಟ್ಟಕ್ಕಿಂತ ಮೂವತ್ತು ಮೀಟರ್ ಕೆಳಗೆ ಸುರಂಗದ ಮಾಡು ಇದ್ದರೆ, ಆ ಮಾಡಿನ ಪ್ರತಿ ಚದರ ಮೀಟರಿಗೆ 30 ಟನ್ ಒತ್ತಡ. ಸಂಡೂರಿನಿಂದ ಅದಿರು ತುಂಬಿಕೊಂಡು ಬರುವ ಒಂದು ಲಾರಿಯ ಒಟ್ಟು ಭಾರ ಹೆಚ್ಚುಕಡಿಮೆ ಅಷ್ಟಿರುತ್ತದೆ. ಚದರ ಮೀಟರಿಗೊಂದು ಲಾರಿ ನಿಲ್ಲಿಸಿದಂತೆ! ಗಟ್ಟಿ ಬಂಡೆ ಈ ಭಾರವನ್ನು ತಾನೇ ಹೊರುತ್ತದೆ. ಸೀಳಿದ ಬಂಡೆಯಾದರೆ ಭಾರ ನೀರಿನ ರೂಪದಲ್ಲಿ ಒಳಗೆ ನುಗ್ಗುತ್ತದೆ.

ಆದುದರಿಂದಲೇ ಹೊಳೆಯ ಕೆಳಗಿನ ಸುರಂಗದಲ್ಲಿ ಯಂತ್ರದ ಬಲಕ್ಕಿಂತ ನೆಲದ ಜ್ಞಾನ ದೊಡ್ಡದು.

ನೆಲ ನೋಡುವುದೆಂದರೇನು?

ನಮ್ಮ ರೈತ ಬೋರು ಹಾಕಿಸುವಾಗ ನೀರು ಸಿಕ್ಕಿತೋ ಇಲ್ಲವೋ ಎಂದು ಮಾತ್ರ ನೋಡುತ್ತಾನೆ. ಇಂಜಿನಿಯರು ಹಾಕಿಸುವ ಬೋರಿನ ರೀತಿ ಬೇರೆ. ಟೊಳ್ಳಾದ ಕೊಳವೆಯ ತುದಿಗೆ ವಜ್ರದ ಚೂರುಗಳನ್ನು ಕೂರಿಸಿ ತಿರುಗಿಸಿದರೆ, ಕಲ್ಲು ಪುಡಿಯಾಗದೆ ಬಾಳೆದಿಂಡಿನಂತೆ ಉರುಟಾದ ದಿಂಡಾಗಿ ಮೇಲೆ ಬರುತ್ತದೆ. ಆ ದಿಂಡುಗಳನ್ನು ಆಳದ ಕ್ರಮದಲ್ಲಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು ಓದುತ್ತಾರೆ. ನದಿಯ ನಡುವೆಯಾದರೆ ತೇಲುವ ದೋಣಿಕಟ್ಟೆಯ ಮೇಲೆ ಯಂತ್ರ ನಿಲ್ಲಿಸಿ ಕೊರೆಯುತ್ತಾರೆ.

ದಿಂಡನ್ನು ಓದುವ ಒಂದು ಸುಲಭ ಲೆಕ್ಕವನ್ನು 1960ರ ದಶಕದಲ್ಲಿ ಅಮೆರಿಕದ ಡೀರ್ ಎಂಬ ತಜ್ಞರು ಬಳಕೆಗೆ ತಂದರು. ಒಂದು ಮೀಟರ್ ಕೊರೆದಾಗ ಬಂದ ತುಂಡುಗಳಲ್ಲಿ ಹತ್ತು ಸೆಂಟಿಮೀಟರಿಗಿಂತ ಉದ್ದವಾದವುಗಳನ್ನು ಮಾತ್ರ ಆರಿಸಿ ಕೂಡಿಸಬೇಕು. ಕೂಡಿಸಿದ ಉದ್ದ 92 ಸೆಂಟಿಮೀಟರ್ ಆದರೆ ಬಂಡೆಗೆ ನೂರಕ್ಕೆ 92 ಅಂಕ. ತೊಂಬತ್ತಕ್ಕೆ ಮೇಲಿದ್ದರೆ ಉತ್ತಮ ಬಂಡೆ, ಇಪ್ಪತ್ತೈದಕ್ಕೆ ಕೆಳಗಿದ್ದರೆ ತೀರ ಕಳಪೆ. ನಮ್ಮ ಗಾಣದವನು ಕಬ್ಬಿನ ಜಲ್ಲೆ ನೋಡಿ ಬೆಲೆ ಹೇಳುವಂತೆ, ಇಲ್ಲಿ ದಿಂಡಿನ ಉದ್ದ ನೋಡಿ ಬಂಡೆಯ ಯೋಗ್ಯತೆ ಹೇಳುತ್ತಾರೆ.

ಎರಡನೆಯದು ನೀರಿನ ಪರೀಕ್ಷೆ. ಕೊರೆದ ರಂಧ್ರದ ಒಂದು ಭಾಗವನ್ನು ಮೇಲೂ ಕೆಳಗೂ ಮುಚ್ಚಿ, ಒತ್ತಡದಿಂದ ನೀರು ತುಂಬುತ್ತಾರೆ. ಬಂಡೆ ನಿಮಿಷಕ್ಕೆ ಎಷ್ಟು ಲೀಟರ್ ಕುಡಿಯುತ್ತದೆ ಎಂದು ಅಳೆಯುತ್ತಾರೆ. ಸ್ವಿಟ್ಜರ್ಲೆಂಡಿನ ಲೂಜಾನ್ ಎಂಬ ಭೂಶಾಸ್ತ್ರಜ್ಞರು ಈ ಕ್ರಮವನ್ನು ತಂದವರು. ಅಳತೆಗೂ ಅವರ ಹೆಸರೇ ನಿಂತಿದೆ. ಹೆಚ್ಚು ಕುಡಿಯುವ ಬಂಡೆ ಸಿಕ್ಕಿದರೆ ಸುರಂಗವನ್ನು ಇನ್ನೂ ಕೆಳಕ್ಕೆ ಒಯ್ಯಬೇಕು, ಇಲ್ಲವೆ ಬಿರುಕುಗಳಿಗೆ ಸಿಮೆಂಟಿನ ಗಂಜಿಯನ್ನು ಒತ್ತಿ ತುಂಬಿ ಮುಚ್ಚಿಕೊಂಡೇ ಮುಂದಕ್ಕೆ ಹೋಗಬೇಕು.

ಇಲ್ಲೊಂದು ಸೂಕ್ಷ್ಮವಿದೆ. ನದಿಯಲ್ಲಿ ಪರೀಕ್ಷೆಗೆಂದು ಕೊರೆದ ರಂಧ್ರಗಳನ್ನು ಸುರಂಗದ ನೇರಕ್ಕೇ ಕೊರೆಯದೆ ಸ್ವಲ್ಪ ಪಕ್ಕಕ್ಕೆ ಕೊರೆಯುತ್ತಾರೆ. ಕೆಲಸ ಮುಗಿದ ಮೇಲೆ ಒಂದೊಂದನ್ನೂ ತಳದಿಂದ ಬಾಯಿಯವರೆಗೆ ಸಿಮೆಂಟಿನಿಂದ ತುಂಬುತ್ತಾರೆ. ತುಂಬದೆ ಬಿಟ್ಟರೆ ಆ ರಂಧ್ರವೇ ನಾಳೆ ಹೊಳೆಯ ನೀರಿಗೆ ನಲ್ಲಿಯಾಗುತ್ತದೆ. ಇಷ್ಟೆಲ್ಲ ಮಾಡಿದರೂ ಎರಡು ರಂಧ್ರಗಳ ನಡುವಿನ ನೆಲ ಊಹೆಯೇ. ಆದುದರಿಂದ ಸುರಂಗ ಕೊರೆಯುವಾಗಲೂ ಮುಂದಿನ ಹಲವಾರು ಮೀಟರುಗಳಿಗೆ ಸಣ್ಣ ರಂಧ್ರ ಹಾಕಿ, ನೀರು ಬರುತ್ತದೆಯೇ ಎಂದು ನೋಡಿಕೊಂಡೇ ಹೆಜ್ಜೆ ಇಡಬೇಕು. ಹಳ್ಳ ದಾಟುವವನು ಕೋಲು ಊರಿ ನೋಡುವಂತೆ.

ನಮ್ಮ ನೆಲದ ಗುಣ

ಹಂಪಿಯ ಕಲ್ಲು ಗ್ರಾನೈಟು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಇಂಥ ಕಲ್ಲಿನಲ್ಲಿ ಸುರಂಗ ಬಲವಾಗಿ ನಿಲ್ಲುತ್ತದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಂಪಿಯ ಗುಡ್ಡಗಳನ್ನು ಕಣ್ಣಿಟ್ಟು ನೋಡಿರಿ. ಒಂದರ ಮೇಲೊಂದು ಪೇರಿಸಿಟ್ಟಂತೆ ಗುಂಡುಕಲ್ಲುಗಳು ಕುಳಿತಿವೆ. ಇವುಗಳನ್ನು ಯಾರೂ ತಂದು ಇಟ್ಟದ್ದಲ್ಲ. ಬಂಡೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿದ್ದು, ಆ ಬಿರುಕುಗಳಲ್ಲಿ ನೀರು ಇಳಿದು, ಮೂಲೆಗಳು ಕೊಳೆತು ಮಣ್ಣಾಗಿ ಜಾರಿ, ನಡುವಿನ ಗಟ್ಟಿ ಭಾಗ ಗುಂಡಾಗಿ ಉಳಿಯಿತು. ಗುಡ್ಡದ ಮೇಲೆ ಕಾಣುವ ಈ ಬಿರುಕುಗಳು ನೆಲದ ಕೆಳಗೂ ಇರುತ್ತವೆ. ನದಿಗಳು ಬಂಡೆಯ ನಾಡಿನಲ್ಲಿ ಅಂಥ ಸಡಿಲವಾದ ಜಾಗವನ್ನೇ ಹುಡುಕಿ ಹರಿಯುತ್ತವೆ. ಹೀಗಾಗಿ ಎರಡೂ ದಡಗಳಲ್ಲಿ ಬಂಡೆ ಗಟ್ಟಿಯಾಗಿದೆಯೆಂದು ನಡುವಿನ ತಳವೂ ಗಟ್ಟಿಯೆಂದು ತಿಳಿಯುವುದು ದೊಡ್ಡ ತಪ್ಪು.

ಅರ್ಧ ಮಣ್ಣು, ಅರ್ಧ ಗುಂಡುಕಲ್ಲು ಇರುವ ನೆಲ ಯಂತ್ರಕ್ಕೂ ಕಷ್ಟ. ಬೆಂಗಳೂರಿನ ಮೆಟ್ರೋ ಕೆಲಸದಲ್ಲಿ ಇಂಥ ಬೆರಕೆ ನೆಲ ಸಿಕ್ಕಿ ಯಂತ್ರದ ಹಲ್ಲುಗಳು ಸವೆದು ಕೆಲಸ ನಿಧಾನವಾದದ್ದುಂಟು. ಮೆತ್ತನೆಯ ಮಣ್ಣಿಗೆ ಹೊಂದುವ ಹಲ್ಲು ಕಲ್ಲಿಗೆ ಹೊಂದುವುದಿಲ್ಲ.

ಸಂಡೂರಿನ ಕಡೆ ನೆಲ ಮತ್ತೊಂದು ಜಾತಿಯದು. ಅಲ್ಲಿ ಕಬ್ಬಿಣದ ಅದಿರಿನ ಪಟ್ಟೆ ಪಟ್ಟೆಯಾದ ಪದರಗಲ್ಲು. ಹಂಪಿಯಿಂದ ಸಂಡೂರಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ನೆಲದ ಸ್ವಭಾವವೇ ಬದಲಾಗುತ್ತದೆ. ಗಣಿಯಲ್ಲಿ ಡ್ರಿಲ್ ಹಿಡಿದು ದುಡಿದವರಿಗೆ ಇದು ಕೈಯ ಅನುಭವದಿಂದಲೇ ಗೊತ್ತು. ಡ್ರಿಲ್ಲಿನ ಸದ್ದು ಬದಲಾದರೆ ಕಲ್ಲು ಬದಲಾಯಿತೆಂದು ಅವರು ಹೇಳಬಲ್ಲರು. ಈ ಜ್ಞಾನಕ್ಕೆ ಕಚೇರಿಯಲ್ಲಿ ಬೆಲೆ ಇಲ್ಲದಿರುವುದು ನಮ್ಮ ವ್ಯವಸ್ಥೆಯ ದೋಷ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಪರಂಪರೆಯೂ ಇದೆ. ಕೋಲಾರದ ಚಿನ್ನದ ಗಣಿಗಳು 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಲ್ಲಿ ಬಂಡೆ ಸಿಡಿದು ಎಷ್ಟೋ ಕಾರ್ಮಿಕರು ಪ್ರಾಣ ತೆತ್ತರು. ಆ ಊರಿನಲ್ಲಿಯೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿತು. ಗಣಿಗಳು 2001ರಲ್ಲಿ ಮುಚ್ಚಿದವು, ಸಂಸ್ಥೆ ಉಳಿಯಿತು. ದೇಶದ ಸುರಂಗ, ಅಣೆಕಟ್ಟುಗಳ ಬಂಡೆಯನ್ನು ಪರೀಕ್ಷಿಸುವ ವಿದ್ಯೆ ನಮ್ಮ ಮನೆಯಲ್ಲಿಯೇ ಇದೆ. ಅದು ನಮ್ಮ ಕಾರ್ಮಿಕರ ರಕ್ತದಿಂದ ಬಂದ ವಿದ್ಯೆ ಎಂಬುದನ್ನು ಮರೆಯಬಾರದು.

ನೆಲ ನೋಡದಿದ್ದರೆ ಬೆಲೆ ಕೊಡುವವರು ಯಾರು?

ಈ ಪ್ರಶ್ನೆಗೆ ಐದುನೂರು ವರ್ಷಗಳ ಹಿಂದೆಯೇ ನಮ್ಮ ಹೊಸಪೇಟೆಯಲ್ಲಿ ಒಂದು ಉತ್ತರ ಸಿಕ್ಕಿತ್ತು. ಕೃಷ್ಣದೇವರಾಯನ ಕಾಲದಲ್ಲಿ ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆಯೊಂದರ ಏರಿ ಕಟ್ಟಿಸಿದುದನ್ನು ಕಣ್ಣಾರೆ ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೋ ಪಾಯೆಸ್ ಬರೆದಿಟ್ಟಿದ್ದಾನೆ. ಹೊಸಪೇಟೆಯ ರಾಯರ ಕೆರೆಯೇ ಅದು ಎಂದು ಚರಿತ್ರೆಕಾರರು ಗುರುತಿಸಿದ್ದಾರೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರಂತೆ. ಏರಿ ಎರಡು ಮೂರು ಸಲ ಒಡೆಯಿತು. ಒಡೆದದ್ದೇಕೆ ಎಂದು ನೆಲವನ್ನು ಪರೀಕ್ಷಿಸಲಿಲ್ಲ. ದೇವರು ಬಲಿ ಬೇಡುತ್ತಾನೆ ಎಂದು ಪುರೋಹಿತರು ಹೇಳಿದರು. ಅರವತ್ತು ಜನರ ತಲೆ ಹೊಡೆಸಿದರೆಂದು ಪಾಯೆಸ್ ಹೇಳುತ್ತಾನೆ. ಕುದುರೆ, ಕೋಣಗಳನ್ನೂ ಬಿಡಲಿಲ್ಲ.

ಇಂದು ನಾವು ಅದನ್ನು ಓದಿ ಮೈ ನಡುಗಿಸಿಕೊಳ್ಳುತ್ತೇವೆ. ಆದರೆ ನೆಲ ನೋಡದೆ ಕೂಲಿಕಾರನನ್ನು ಸುರಂಗದೊಳಕ್ಕೆ ಕಳಿಸುವ ಗುತ್ತಿಗೆದಾರನಿಗೂ ಆ ಪುರೋಹಿತರಿಗೂ ಎಷ್ಟು ದೂರ?

ಬಿಳಿಯರ ದೇಶದಲ್ಲಿಯೂ ಹೀಗೇ ಆಗಿದೆ. ಲಂಡನ್ನಿನ ಥೇಮ್ಸ್ ನದಿಯ ಕೆಳಗೆ 1825ರಲ್ಲಿ ಬ್ರೂನೆಲ್ ಎಂಬ ಇಂಜಿನಿಯರು ಸುರಂಗ ಆರಂಭಿಸಿದರು. ತಳದಲ್ಲಿ ಗಟ್ಟಿ ಜೇಡಿಮಣ್ಣಿನ ಪದರವಿದೆಯೆಂದು ಹೇಳಿದ್ದರು. ನಡುನಡುವೆ ಆ ಪದರವೇ ಇರಲಿಲ್ಲ. 1827ರಲ್ಲಿ ಹೊಳೆ ಒಳನುಗ್ಗಿತು. ಜೇಡಿಮಣ್ಣಿನ ಚೀಲಗಳನ್ನು ನದಿಯ ತಳಕ್ಕೆ ಎಸೆದು ತೂತು ಮುಚ್ಚಿದರು. 1828ರ ಜನವರಿಯಲ್ಲಿ ಮತ್ತೆ ನುಗ್ಗಿ ಆರು ಮಂದಿ ಸತ್ತರು. ಏಳು ವರ್ಷ ಕೆಲಸ ನಿಂತು, ಸುರಂಗ ತೆರೆದದ್ದು 1843ರಲ್ಲಿ. ನಾನೂರು ಮೀಟರಿಗೂ ಕಡಿಮೆ ಉದ್ದದ ಸುರಂಗಕ್ಕೆ ಹದಿನೆಂಟು ವರ್ಷ! ಅಮೆರಿಕದ ಹಡ್ಸನ್ ನದಿಯ ಕೆಳಗೆ 1880ರಲ್ಲಿ ಮೆತ್ತನೆಯ ಹೂಳಿನಲ್ಲಿ ಗಾಳಿಯ ಒತ್ತಡದಿಂದ ನೀರನ್ನು ತಡೆದು ಕೊರೆಯುತ್ತಿದ್ದಾಗ ಗಾಳಿ ಸೋರಿ ಮಾಡು ಕುಸಿದು ಇಪ್ಪತ್ತು ಮಂದಿ ಕಾರ್ಮಿಕರು ಸತ್ತರು.

ಇವು ಹಳೆಯ ಕಾಲದ ಮಾತು ಎನ್ನುವಂತಿಲ್ಲ. ಕಲ್ಕತ್ತೆಯ ಸುರಂಗದ ಕಥೆಯನ್ನೇ ಪೂರ್ತಿ ಕೇಳಿರಿ. ಹೂಗ್ಲಿಯ ಕೆಳಗಿನ ಸುಮಾರು 520 ಮೀಟರ್ ಭಾಗವನ್ನು 2017ರಲ್ಲಿ ಯಂತ್ರಗಳು ಸುರಕ್ಷಿತವಾಗಿ ದಾಟಿದವು. ಎಲ್ಲರೂ ಹೆದರಿದ್ದ ನದಿ ಸುಮ್ಮನಿತ್ತು. ಆದರೆ ಅದೇ ಮಾರ್ಗದಲ್ಲಿ, ದಡದ ಮೇಲಿನ ಬೌಬಜಾರ್ ಪೇಟೆಯ ಕೆಳಗೆ 2019ರ ಆಗಸ್ಟ್ 31ರಂದು ಯಂತ್ರ ನೆಲದೊಳಗಿನ ನೀರಿನ ಸೆಲೆಗೆ ತಗುಲಿತು. ನೀರಿನೊಡನೆ ಮಣ್ಣು ಸುರಂಗದೊಳಕ್ಕೆ ಹರಿಯಿತು, ಮೇಲಿನ ಮನೆಗಳು ಬಿರುಕು ಬಿಟ್ಟು ಕುಸಿದವು. ನೂರಾರು ಜನ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದರು. ಅಲ್ಲಿಯ ಸಣ್ಣ ಅಕ್ಕಸಾಲಿಗರು, ಅಂಗಡಿಕಾರರು ಬೀದಿಗೆ ಬಿದ್ದರು. ಸಣ್ಣ ವ್ಯಾಪಾರಿಗಳಾದ ನಮ್ಮ ವಾಚಕರು ಇದನ್ನು ನೆನಪಿಡಬೇಕು. ಸುರಂಗದ ಅಪಾಯ ಒಳಗಿರುವವನಿಗಷ್ಟೇ ಅಲ್ಲ, ಮೇಲೆ ಅಂಗಡಿ ಇಟ್ಟವನಿಗೂ ಉಂಟು.

ನಮ್ಮ ತುಂಗಭದ್ರೆ ಕೃಷ್ಣೆಯನ್ನು ಸೇರಿ ಶ್ರೀಶೈಲಕ್ಕೆ ಹೋಗುತ್ತಾಳೆ. ಅಲ್ಲಿಂದ ನೀರು ಒಯ್ಯಲೆಂದು ತೆಲಂಗಾಣದಲ್ಲಿ ಕೊರೆಯುತ್ತಿದ್ದ ಎಡದಂಡೆ ಕಾಲುವೆಯ ಸುರಂಗದಲ್ಲಿ 2025ರ ಫೆಬ್ರವರಿ 22ರಂದು, ಬಾಯಿಯಿಂದ ಸುಮಾರು 14 ಕಿಲೋಮೀಟರ್ ಒಳಗೆ, ಮಾಡು ಕುಸಿದು ಕೆಸರು ನೀರು ನುಗ್ಗಿತು. ಎಂಟು ಮಂದಿ ಸಿಕ್ಕಿಕೊಂಡರು. ಒಬ್ಬನೂ ಜೀವಂತವಾಗಿ ಬರಲಿಲ್ಲ. ಅದಕ್ಕೆ ಮೊದಲು, 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು ಹದಿನೇಳು ದಿನ ಸಿಕ್ಕಿಬಿದ್ದಿದ್ದರು. ಹೊರಗೆ ಬರಲು ಪಾರುದಾರಿ ಇರಲಿಲ್ಲ. ದೊಡ್ಡ ಕೊರೆಯುವ ಯಂತ್ರ ಕೆಟ್ಟು ನಿಂತಿತು. ಕೊನೆಯ ಮೀಟರುಗಳನ್ನು ಕೈಯಿಂದ ತೋಡಿ ಅವರನ್ನು ಬದುಕಿಸಿದವರು ಇಲಿಬಿಲ ಗಣಿಯ ಬಡ ಕೂಲಿಗಳು. ಕೂಲಿಕಾರನನ್ನು ಕಾಪಾಡಿದ್ದು ಕೂಲಿಕಾರನ ಕೈ.

ಏಕೆ ನೋಡುವುದಿಲ್ಲ?

ಇಷ್ಟೆಲ್ಲ ತಿಳಿದಿದ್ದರೂ ನೆಲ ನೋಡುವ ಕೆಲಸಕ್ಕೆ ಏಕೆ ಜಿಪುಣತನ? ಕಾರಣ ಸರಳ. ಬೋರು ಹಾಕಿ ದಿಂಡು ತೆಗೆದರೆ ಯಾವ ಮಂತ್ರಿಯೂ ರಿಬ್ಬನ್ನು ಕತ್ತರಿಸುವಂತಿಲ್ಲ. ನೆಲದೊಳಕ್ಕೆ ಹೋದ ಹಣ ಮತದಾರನ ಕಣ್ಣಿಗೆ ಬೀಳುವುದಿಲ್ಲ. ಇನ್ನು ಗುತ್ತಿಗೆದಾರನ ಲೆಕ್ಕ ಬೇರೆ. ನೆಲದ ವಿವರವಿಲ್ಲದ ಟೆಂಡರಿಗೆ ಎಲ್ಲರಿಗಿಂತ ಕಡಿಮೆ ದರ ಬರೆದು ಕೆಲಸ ಹಿಡಿಯುತ್ತಾನೆ. ಕೆಟ್ಟ ಬಂಡೆ ಸಿಕ್ಕಿದಾಗ ಇದು ಕರಾರಿನಲ್ಲಿ ಇರಲಿಲ್ಲವೆಂದು ಹೆಚ್ಚಿನ ಹಣ ಕೇಳುತ್ತಾನೆ. ಸರಕಾರ ಕೊಡದಿದ್ದರೆ ಕೆಲಸ ನಿಲ್ಲುತ್ತದೆ. ನಿಲ್ಲಿಸಲಾಗದಿದ್ದರೆ ಸಿಮೆಂಟು ತುಂಬುವುದರಲ್ಲಿ, ಮಾಡಿಗೆ ಆಧಾರ ಕೊಡುವುದರಲ್ಲಿ ಉಳಿತಾಯ ಮಾಡುತ್ತಾನೆ. ಆ ಉಳಿತಾಯದ ಕೆಳಗೆ ನಿಂತಿರುವವನು ದಿನಗೂಲಿಯವನು.

ಈ ರೋಗಕ್ಕೆ ಮದ್ದಿಲ್ಲದಿಲ್ಲ. ಕೆಲವು ದೇಶಗಳಲ್ಲಿ ಟೆಂಡರಿನ ಜೊತೆಯಲ್ಲಿಯೇ ನೆಲದ ವರದಿಯನ್ನು ಕರಾರಿನ ಭಾಗವಾಗಿ ಸೇರಿಸುತ್ತಾರೆ. ಇಂತಿಂಥ ನೆಲ ಇಷ್ಟಿಷ್ಟು ಸಿಕ್ಕುತ್ತದೆ, ಇದಕ್ಕಿಂತ ಕೆಟ್ಟದು ಸಿಕ್ಕಿದರೆ ಹೆಚ್ಚಿನ ಖರ್ಚು ಕೆಲಸ ಮಾಡಿಸುವವನದು, ಇದರೊಳಗಿದ್ದರೆ ಗುತ್ತಿಗೆದಾರನದು ಎಂದು ಮೊದಲೇ ಬರೆಯುತ್ತಾರೆ. ಆಗ ಕೆಟ್ಟ ನೆಲವನ್ನು ಮುಚ್ಚಿಡುವ ಆಸೆ ಇಬ್ಬರಿಗೂ ಕಡಿಮೆಯಾಗುತ್ತದೆ.

ಹಾಗಾದರೆ ಹಂಪಿಯಲ್ಲಿ ಸುರಂಗ ಬೇಕೇ?

ಒಂದು ಲೆಕ್ಕ ಹಾಕೋಣ. ದಡದಿಂದ ನದಿಯ ತಳ ಹತ್ತು ಮೀಟರ್ ಕೆಳಗಿದೆ, ತಳದ ಕೆಳಗೆ ಇಪ್ಪತ್ತು ಮೀಟರ್ ಬಂಡೆ ಬಿಟ್ಟು, ಹತ್ತು ಮೀಟರ್ ಎತ್ತರದ ಸುರಂಗ ಮಾಡಬೇಕು ಎಂದಿಟ್ಟುಕೊಳ್ಳಿ. ರಸ್ತೆ ದಡದಿಂದ ನಲವತ್ತು ಮೀಟರ್ ಕೆಳಕ್ಕೆ ಇಳಿಯಬೇಕು. ಲಾರಿ ಬಸ್ಸುಗಳು ಏರಿ ಇಳಿಯಲು ಇಪ್ಪತ್ತಕ್ಕೆ ಒಂದರ ಇಳಿಜಾರು ಕೊಟ್ಟರೆ ಒಂದೊಂದು ಕಡೆ 800 ಮೀಟರ್. ನಡುವೆ ನದಿ ಅರ್ಧ ಕಿಲೋಮೀಟರ್ ಎಂದರೆ ಒಟ್ಟು ಎರಡು ಕಿಲೋಮೀಟರಿಗೂ ಹೆಚ್ಚು. ಅರ್ಧ ಕಿಲೋಮೀಟರ್ ಹೊಳೆ ದಾಟಲು ಅದರ ನಾಲ್ಕು ಪಟ್ಟು ಉದ್ದದ ದಾರಿ. ಅದರ ಬಾಯಿ ಎಲ್ಲಿ ತೆರೆಯಬೇಕು? ಒಂದೊಂದು ಅಡಿ ಅಗೆದರೂ ಹಳೆಯ ನಗರದ ಅವಶೇಷ ಸಿಕ್ಕುವ ಹಂಪಿಯ ನೆಲದಲ್ಲಿ. ಮದ್ದು ಸಿಡಿಸಿ ಕಲ್ಲು ಒಡೆದರೆ ಅದುರುವುದು ವಿಠ್ಠಲನ ಗುಡಿಯ ಕಂಬಗಳು. ಸೇತುವೆಯಿಂದ ಪರಂಪರೆಗೆ ಆಗುವ ಹಾನಿಯನ್ನು ತಪ್ಪಿಸಲು ಹೋಗಿ ಬೇರಿಗೇ ಕೊಡಲಿ ಹಾಕಿದಂತೆ. ಪ್ರವಾಹದ ನೀರು ಬಾಯಿಯೊಳಕ್ಕೆ ಇಳಿಯದಂತೆ ಅದನ್ನು ಇನ್ನೂ ಎತ್ತರದ ಜಾಗಕ್ಕೆ ಒಯ್ಯಬೇಕು, ಉದ್ದ ಇನ್ನೂ ಬೆಳೆಯುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಸುರಂಗದೊಳಗೆ ಜಿನುಗುವ ನೀರನ್ನು ಹಗಲಿರುಳು ಪಂಪಿನಿಂದ ಎತ್ತಬೇಕು, ಗಾಳಿ ಆಡಿಸಬೇಕು, ದೀಪ ಉರಿಸಬೇಕು, ಅದೂ ಸುರಂಗ ಇರುವವರೆಗೆ. ಕಟ್ಟಿದ್ದನ್ನು ಕಾಪಾಡುವುದರಲ್ಲಿ ನಮ್ಮ ಸರಕಾರಗಳ ಶ್ರದ್ಧೆ ಎಷ್ಟೆಂಬುದು 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಗೆಲ್ಲ ತಿಳಿಯಿತು. ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದರು. 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟಿನ ತಳಪಾಯ ಗಟ್ಟಿಯಾಗಿ ನಿಂತಿದೆ, ಕೈಕೊಟ್ಟದ್ದು ಆಮೇಲಿನ ಪಾಲನೆ.

ಆದುದರಿಂದ ಹಂಪಿಯಲ್ಲಿ ಸುರಂಗದ ಮಾತು ಈಗ ಬೇಡವೆಂಬುದೇ ನನ್ನ ಅಭಿಪ್ರಾಯ. ಬೇಕಾಗಿರುವುದು ಕಂಪ್ಲಿಯಲ್ಲಿ ಮುಳುಗದ ಎತ್ತರದ ಸೇತುವೆ. ಆನೆಗೊಂದಿಯವರಿಗೆ ನಂಬುವಂಥ, ಜೀವಭಯವಿಲ್ಲದ ದಾಟುವ ವ್ಯವಸ್ಥೆ. ಆದರೆ ಸುರಂಗಕ್ಕೆ ಹೇಳಿದ ನೆಲದ ಪಾಠವೆಲ್ಲವೂ ಸೇತುವೆಗೂ ಸಲ್ಲುತ್ತದೆ. ಹೊಳೆಯ ರಭಸ ಕಂಬದ ಬುಡದ ಮರಳನ್ನು ಕೆದಕಿ ಒಯ್ಯುತ್ತದೆ. ಕಂಬ ಗುಂಡುಕಲ್ಲಿನ ಮೇಲೆ ಕುಳಿತಿದೆಯೋ ಮೂಲಬಂಡೆಯ ಮೇಲೆ ಕುಳಿತಿದೆಯೋ ಎಂಬುದು ದಿಂಡು ತೆಗೆದು ನೋಡಿದರೆ ಮಾತ್ರ ತಿಳಿಯುತ್ತದೆ. ವಿಜಯನಗರದ ಕಲ್ಲುಕುಟಿಗರು ಹಂಪಿಯ ಬಳಿ ನದಿಯಲ್ಲಿ ನಿಲ್ಲಿಸಿದ ಹಳೆಯ ಸೇತುವೆಯ ಕಂಬಗಳು ಶತಮಾನಗಳ ಪ್ರವಾಹ ಕಂಡೂ ಇನ್ನೂ ನಿಂತಿವೆ. ಅವರಲ್ಲಿ ಯಂತ್ರವಿರಲಿಲ್ಲ, ಬಂಡೆ ನೋಡುವ ಕಣ್ಣಿತ್ತು.

ನಾವು ಕೇಳಬೇಕಾದದ್ದು

ನದಿಯ ಯಾವುದೇ ಕೆಲಸಕ್ಕೆ ಟೆಂಡರು ಕರೆಯುವ ಮೊದಲು ಸರಕಾರಿ ಸಂಸ್ಥೆಯಿಂದ ನೆಲದ ಪರೀಕ್ಷೆ ಆಗಲಿ, ಅದಕ್ಕೆ ಬೇರೆಯಾಗಿ ಹಣ ಇಡಲಿ. ಪರೀಕ್ಷೆಯ ವರದಿ ಕನ್ನಡದಲ್ಲಿ ಅಚ್ಚಾಗಿ ಎರಡೂ ದಡದ ಪಂಚಾಯತಿ ಕಚೇರಿಗಳಲ್ಲಿ, ಕಾರ್ಮಿಕ ಸಂಘಗಳ ಕಚೇರಿಗಳಲ್ಲಿ ಸಿಗಲಿ. ಬಂಡೆ ಬದಲಾಯಿತು, ನೀರು ಹೆಚ್ಚಾಯಿತು, ನೀರಿನ ಬಣ್ಣ ಕೆಂಪಾಯಿತು ಎಂದು ಕೂಲಿಕಾರ ಹೇಳಿದೊಡನೆ ಕೆಲಸ ನಿಲ್ಲಲಿ. ನಿಲ್ಲಿಸಿದ ದಿನದ ಕೂಲಿಯನ್ನು ಯಾರೂ ಕತ್ತರಿಸದಿರಲಿ. ಒಳಗೆ ಹೋಗುವ ಪ್ರತಿಯೊಬ್ಬನ ಹೆಸರು, ಊರು ಪಟ್ಟಿಯಲ್ಲಿರಲಿ. ಯಾವ ರಾಜ್ಯದಿಂದ ಬಂದವನಾದರೂ ಅವನಿಗೆ ವಿಮೆ ಇರಲಿ, ಪಾರುದಾರಿ ಇರಲಿ. ಇವು ದಾನ ಬೇಡುವ ಮಾತುಗಳಲ್ಲ. ದುಡಿಮೆಯ ಕರಾರಿನ ಮೊದಲ ಕಲಮುಗಳು.

ಮುಂದಿನ ಸಲ ಯಾವ ಪಕ್ಷದ ಮುಖಂಡರಾದರೂ ಕಂಪ್ಲಿಗೋ ಹೊಸಪೇಟೆಗೋ ಬಂದು ಸೇತುವೆಯ ಭರವಸೆ ಕೊಟ್ಟರೆ, ಅಂಗಡಿಕಾರರೂ ಗಿರಣಿಯ ಕೆಲಸಗಾರರೂ ಒಟ್ಟಾಗಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿರಿ: "ಸ್ವಾಮಿ, ಎಷ್ಟು ಬೋರು ಹಾಕಿಸಿದಿರಿ? ದಿಂಡಿನ ಪೆಟ್ಟಿಗೆ ಎಲ್ಲಿದೆ, ತೋರಿಸಿರಿ." ಉತ್ತರ ಬರುವವರೆಗೆ ಚಪ್ಪಾಳೆ ತಟ್ಟುವುದು ಬೇಡ.